ಹೊಸ ಕಾನೂನುಗಳ ಎರಡು ದಿನದ ತರಬೇತಿ: ಕಲಂ ಪಟ್ಟಿ ಬಿಟ್ಟು ಕೈಯಾರೆ ಮಾಡಿಸುವುದು ಹೇಗೆ?

ಠಾಣಾ_ದಿನಚರಿ

ಜಿಲ್ಲಾ ಮಟ್ಟದಲ್ಲಿ ಎರಡು ದಿನದ ತರಬೇತಿ ಇಡಬೇಕಿದೆ. ಬರುವವರು 24 ಮಂದಿ: ಪಿಎಸ್‌ಐ, ಎಎಸ್‌ಐ ಸೇರಿ 12, ಠಾಣೆಯ ರೈಟರ್‌ಗಳು 4, ಎಪಿಪಿಗಳು (ಸರ್ಕಾರದ ಪರ ವಾದಿಸುವ ಸಹಾಯಕ ಅಭಿಯೋಜಕರು) 4, ಕಾನೂನು ಸೇವಾ ಪ್ರಾಧಿಕಾರದ ರಕ್ಷಣಾ ವಕೀಲರು 4. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್), ಭಾರತೀಯ ಸಾಕ್ಷ್ಯ ಅಧಿನಿಯಮ ಈ ಮೂರೂ ಕಾನೂನು ಜಾರಿಗೆ ಬಂದ ಮೇಲೆ ತರಗತಿಗಳೇನೋ ಬೇಕಾದಷ್ಟು ನಡೆದಿವೆ. ಆದರೆ ಬಹುಪಾಲು ಹೊತ್ತು "302 ಈಗ 103, 420 ಈಗ 318(4), 154 ಈಗ 173" ಎಂಬ ಹಳೆಯ-ಹೊಸ ಕಲಂ ಸಂಖ್ಯೆಗಳ ಪಟ್ಟಿಯಲ್ಲೇ ಕಳೆಯುತ್ತದೆ. ಆ ಪಟ್ಟಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂದರೆ ಎನ್‌ಸಿಆರ್‌ಬಿಯ ಸಂಕಲನ ಆ್ಯಪ್‌ನಲ್ಲಿದೆ, ಮೊಬೈಲ್ ತೆಗೆದರೆ ಸಿಗುತ್ತದೆ. ಸಿಗದಿರುವುದು ಬೇರೆ: ಶೋಧನೆಯ ವಿಡಿಯೊ ಹೇಗೆ ತೆಗೆಯಬೇಕು, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಸಾಕ್ಷ್ಯ ಅಧಿನಿಯಮ 63ರ ಪ್ರಮಾಣಪತ್ರ ಯಾರು ತುಂಬಬೇಕು, ಬಂಧನದ ಆಧಾರ ಎಂದು ಏನು ಬರೆಯಬೇಕು. ಇದನ್ನೇ ನಡುವಿಗಿಟ್ಟು ಎರಡು ದಿನ ಹೇಗೆ ಹೊಂದಿಸಬಹುದು?

ಮಹಜರು_ಬರಹ

ಹತ್ತು ವಿಷಯಕ್ಕೆ ಹತ್ತು ಉಪನ್ಯಾಸ ಬೇಡ. ಒಂದೇ ಪ್ರಕರಣ ಹಿಡಿದು ಘಟನಾ ಸ್ಥಳದಿಂದ ಸಾಕ್ಷಿ ಕಟಕಟೆಯವರೆಗೆ ಒಯ್ಯಿರಿ. ರಾತ್ರಿ ಹೊತ್ತಿನ ಮನೆಗಳ್ಳತನ ಇದಕ್ಕೆ ಹೇಳಿ ಮಾಡಿಸಿದ್ದು. ಬಿಎನ್‌ಎಸ್ 331(4) ಮತ್ತು 305 ಬೀಳುತ್ತವೆ. ಕಳವಿಗಾಗಿ ರಾತ್ರಿ ಮನೆ ಮುರಿದರೆ 14 ವರ್ಷದವರೆಗೆ ಶಿಕ್ಷೆ ಇರುವುದರಿಂದ ಬಿಎನ್‌ಎಸ್‌ಎಸ್ 176(3)ರ ವಿಧಿವಿಜ್ಞಾನ ತಜ್ಞರ ಭೇಟಿ ಬರುತ್ತದೆ, 105ರ ಶೋಧನೆ ವಿಡಿಯೊ ಬರುತ್ತದೆ, ಸಿಸಿಟಿವಿ ಬರುತ್ತದೆ, ಬಂಧನ ಬರುತ್ತದೆ, ಮಾಲು ತೋರಿಸಿಕೊಡುವುದು ಬರುತ್ತದೆ, ಕೊನೆಗೆ ಒಡವೆ ಮನೆಯವರಿಗೆ ಹಿಂದಿರುಗಿಸುವುದೂ ಬರುತ್ತದೆ. ಕೊಲೆ ಪ್ರಕರಣ ತೆಗೆದುಕೊಂಡರೆ ಎಲ್ಲರ ಗಮನ ಶವದ ಕಡೆಗೆ ಹೋಗಿ ಕಾಗದಪತ್ರ ಹಿಂದೆ ಬೀಳುತ್ತದೆ.

ನಾಲ್ಕು ತಂಡ, ತಂಡಕ್ಕೆ ಆರು ಜನ. ತನಿಖಾಧಿಕಾರಿ, ರೈಟರ್, ವಿಡಿಯೊ ತೆಗೆಯುವವರು, ಇಬ್ಬರು ಪಂಚರು (ಶೋಧನೆಗೆ ಸಾಕ್ಷಿಯಾಗಿ ನಿಲ್ಲುವವರು), ಮನೆ ಯಜಮಾನ. ಎಪಿಪಿ ಮತ್ತು ವಕೀಲರಿಗೆ ಮೊದಲ ದಿನ ಪಂಚರ ಪಾತ್ರವನ್ನೇ ಕೊಡಿ. ಮಹಜರಿಗೆ (ಸ್ಥಳದಲ್ಲಿ ಕಂಡದ್ದು, ವಶಪಡಿಸಿಕೊಂಡದ್ದು ಬರೆಯುವ ದಾಖಲೆಗೆ) ಸಹಿ ಹಾಕುವವನ ಜಾಗದಲ್ಲಿ ನಿಂತಾಗ ಆತನಿಗೆ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂಬುದು ಗೊತ್ತಾಗುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಬೀರು ಇರುವ ಒಂದು ಕೋಣೆ, ಮುರಿದ ಬೀಗ, ಕಬ್ಬಿಣದ ಸಲಾಕೆ, ಹಳೆಯ ಡಿವಿಆರ್ (ಸಿಸಿಟಿವಿ ದೃಶ್ಯ ಉಳಿಸುವ ಯಂತ್ರ) ಒಂದು, ಹಳೆಯ ಫೋನ್ ಎರಡು, ಕಾಗದದ ಕವರ್, ಬಿಳಿ ಬಟ್ಟೆ, ಸೂಜಿ ದಾರ, ಅರಗು, ಸೀಲು, ಅಳತೆಯ ಟೇಪು, ನಂಬರ್ ಚೀಟಿ. ಮತ್ತೆ, ಖಾಲಿ ಮಹಜರು ಹಾಳೆ. ಅಚ್ಚು ಮಾಡಿಟ್ಟ ನಮೂನೆ ಕೊಡಬೇಡಿ. ಅಚ್ಚಿನ ನಮೂನೆ ಕೊಟ್ಟರೆ ನಾಲ್ಕೂ ತಂಡದ ಮಹಜರಿನಲ್ಲಿ ಅದೇ ವಾಕ್ಯ, ಅದೇ ಅಲ್ಪವಿರಾಮ ಬರುತ್ತದೆ. ನ್ಯಾಯಾಲಯದಲ್ಲಿ ಪಾಟೀಸವಾಲು (ಎದುರು ಪಕ್ಷದ ವಕೀಲರ ಪ್ರಶ್ನೆ) ಶುರುವಾಗುವುದೇ ಅಲ್ಲಿಂದ.

ಶೇಷಗಿರಿ_ಘಟ್ಟ

105ರ ವಿಡಿಯೊ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ. ಎಲ್ಲಿ ಶುರು, ಎಲ್ಲಿ ನಿಲ್ಲಿಸಬೇಕು? ಸಿಕ್ಕಿದ ವಸ್ತುವನ್ನು ಮಾತ್ರ ತೆಗೆದರೆ ಸಾಕೆ?

ಮಹಜರು_ಬರಹ

ಸಾಲದು. ಕಲಂ ಓದಿ ನೋಡಿ: ಶೋಧನೆಯ ಪ್ರಕ್ರಿಯೆ, ವಶಪಡಿಸಿಕೊಂಡ ವಸ್ತುಗಳ ಪಟ್ಟಿ ತಯಾರಿಸುವುದು, ಆ ಪಟ್ಟಿಗೆ ಸಾಕ್ಷಿಗಳು ಸಹಿ ಹಾಕುವುದು ಎಲ್ಲವೂ ಧ್ವನಿ ಸಹಿತ ದಾಖಲಾಗಬೇಕು. ವಸ್ತು ಸಿಕ್ಕಿದ ಒಂದು ನಿಮಿಷ ತೆಗೆದು, ಪಟ್ಟಿಯನ್ನು ಠಾಣೆಗೆ ಬಂದು ಬರೆದರೆ ಅರ್ಧ ಕಲಂ ಬಿಟ್ಟಂತೆ.

ಅಭ್ಯಾಸದಲ್ಲಿ ಹೀಗೆ ಮಾಡಿಸಿ. ಬಾಗಿಲ ಹೊರಗೆ ರೆಕಾರ್ಡಿಂಗ್ ಶುರು. ಅಧಿಕಾರಿ ಹೆಸರು, ಹುದ್ದೆ, ಠಾಣೆ, ಅಪರಾಧ ಸಂಖ್ಯೆ, ತಾರೀಖು, ಸಮಯ ಹೇಳಬೇಕು. ಪಂಚರು ತಮ್ಮ ಹೆಸರನ್ನು ತಾವೇ ಹೇಳಬೇಕು. ಒಳಗೆ ಹೋಗುವವರೆಲ್ಲ ಕೈ, ಜೇಬು, ಚೀಲ ಖಾಲಿ ಎಂದು ತೋರಿಸಬೇಕು. ಆಮೇಲೆ ಕೋಣೆಯ ನಾಲ್ಕು ಮೂಲೆ ನಿಧಾನವಾಗಿ. ವಸ್ತು ಕಂಡ ಕೂಡಲೇ ಯಾರೂ ಮುಟ್ಟಬಾರದು. ನಂಬರ್ ಚೀಟಿ ಮತ್ತು ಅಳತೆ ಪಟ್ಟಿ ಪಕ್ಕದಲ್ಲಿಟ್ಟು, ಇದ್ದ ಜಾಗದಲ್ಲೇ ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ. ಆಮೇಲೆ ಎತ್ತುವುದು, ಪ್ಯಾಕ್ ಮಾಡುವುದು, ಪಟ್ಟಿ ಬರೆಯುವುದು, ಗಟ್ಟಿಯಾಗಿ ಓದಿ ಹೇಳುವುದು, ಸಹಿ, ಸೀಲು, ಕೊನೆಗೆ ಮುಗಿದ ಸಮಯ.

ನಡುವೆ ನಿಲ್ಲಿಸಲೇಬೇಕಾದರೆ ಯಾಕೆ ನಿಲ್ಲಿಸುತ್ತಿದ್ದೇವೆ, ಗಂಟೆ ಎಷ್ಟು ಎಂದು ಹೇಳಿ ನಿಲ್ಲಿಸಿ, ಮತ್ತೆ ಶುರು ಮಾಡುವಾಗ ಅದೇ ಚೌಕಟ್ಟಿನಿಂದ ಶುರು ಮಾಡಿ. ಪೊಲೀಸರು ಶೋಧನೆ ಚಿತ್ರೀಕರಿಸುವ ಇ-ಸಾಕ್ಷ್ಯ ಆ್ಯಪ್ ಬಂದಾಗ ಒಂದು ತುಣುಕಿಗೆ ನಾಲ್ಕು ನಿಮಿಷದ ಮಿತಿ ಇತ್ತು. ನಿಮ್ಮ ಫೋನಿನ ಆವೃತ್ತಿಯಲ್ಲಿ ಎಷ್ಟಿದೆ ಎಂದು ಮೊದಲೇ ನೋಡಿಕೊಳ್ಳಿ. ಮಿತಿ ಇದ್ದರೆ ಬೀರು ತೆರೆಯುವ ಹೊತ್ತಿಗೆ ಸರಿಯಾಗಿ ತುಣುಕು ಕಡಿದುಹೋಗಬಾರದು. ಯಾವ ತುಣುಕಿನಲ್ಲಿ ಏನು ಎಂದು ಮೊದಲೇ ಹಂಚಿಕೊಂಡು ಹೋಗಬೇಕು. ಮಾಮೂಲಿ ಕ್ಯಾಮೆರಾದಲ್ಲಿ ತೆಗೆಯುವಾಗ 1080ಪಿ ಇಟ್ಟರೆ ನಿಮಿಷಕ್ಕೆ 100 ಎಂಬಿ ಮೇಲೇ ಹಿಡಿಯುತ್ತದೆ. ಫೋನಿನಲ್ಲಿ 15 ಜಿಬಿ ಆದರೂ ಖಾಲಿ ಇರಲಿ, ಚಾರ್ಜ್ ಪೂರ್ತಿ ಇರಲಿ. ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಆ್ಯಪ್ ಬಳಸುತ್ತಿದ್ದರೆ ಕರೆ ಮಾತ್ರ ತಡೆದಿಡಿ, ಸ್ಥಳದ ಗುರುತಿಗೆ ಲೊಕೇಶನ್ ಆನ್ ಇರಬೇಕು.

ರೆಕಾರ್ಡಿಂಗ್ ಅನ್ನು ತಡಮಾಡದೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ (ಜೆಎಂಎಫ್‌ಸಿ) ಕಳಿಸಬೇಕು. ಕಳಿಸಿದ ಗಂಟೆ, ಸ್ವೀಕೃತಿ ಎರಡೂ ಕೇಸ್ ಡೈರಿಯಲ್ಲಿ ಬರಲಿ. ಚಾರ್ಜ್‌ಶೀಟ್ ಜೊತೆಗೆ ಕೊಟ್ಟರಾಯಿತು ಎಂದು ಇಟ್ಟುಕೊಳ್ಳುವುದು ದೊಡ್ಡ ತಪ್ಪು. ಆ ನಡುವಿನ ದಿನಗಳಲ್ಲಿ ಫೈಲು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗೆ ಆಮೇಲೆ ಉತ್ತರ ಇರುವುದಿಲ್ಲ.

ಪ್ರಯೋಗಾಲಯ_ಮೇಜು

ವಿಧಿವಿಜ್ಞಾನದ ಕಡೆಯಿಂದ. 176(3)ಕ್ಕೆ ಒಂದು ಸಡಿಲಿಕೆ ಇದೆ. ರಾಜ್ಯ ಸರ್ಕಾರ ಐದು ವರ್ಷದೊಳಗೆ ಅಧಿಸೂಚಿಸುವ ದಿನದಿಂದ ಅದು ಕಡ್ಡಾಯ. ಅಷ್ಟು ಕಾಲಾವಕಾಶ ಕೊಟ್ಟಿರುವುದಕ್ಕೆ ಕಾರಣ ಕೈ ಸಾಲದಿರುವುದು. ಹಾಗಾಗಿ ತರಬೇತಿಯಲ್ಲಿ ಒತ್ತು ಕೊಡಬೇಕಾದದ್ದು ಸೋಕೋ ಅಧಿಕಾರಿ (ಘಟನಾ ಸ್ಥಳ ಪರಿಶೀಲಿಸುವ ವಿಧಿವಿಜ್ಞಾನ ಅಧಿಕಾರಿ) ಬಂದು ಏನು ಮಾಡುತ್ತಾರೆ ಎಂಬುದಕ್ಕಲ್ಲ, ಅವರು ಬರುವವರೆಗಿನ ಒಂದು ಗಂಟೆ, ಎರಡು ಗಂಟೆ ಠಾಣೆಯವರು ಏನು *ಮಾಡಬಾರದು* ಎಂಬುದಕ್ಕೆ. ಓಡಾಡಲು ಒಂದೇ ದಾರಿ ಗುರುತಿಸಿ, ಒಳಹೋದವರ ಹೆಸರು ಮತ್ತು ಸಮಯ ಒಂದು ಹಾಳೆಯಲ್ಲಿ ಬರೆಯಿರಿ. ಮನೆಯವರು ಬೀರು ಮುಚ್ಚಿ, ಬಟ್ಟೆ ಮಡಚಿ, ನೆಲ ಗುಡಿಸುವುದನ್ನು ಮೊದಲು ತಡೆಯಿರಿ.

ಎಲ್ಲಕ್ಕಿಂತ ಹೆಚ್ಚಾಗಿ ಹಾಳಾಗುವುದು ಬೀಗ ಮತ್ತು ಸಲಾಕೆ. ಸಲಾಕೆ ಸಿಕ್ಕಿದ ತಕ್ಷಣ ಬೀಗದ ಮುರಿದ ಜಾಗಕ್ಕೆ ಇಟ್ಟು "ಇದೇ ಹೌದಾ" ಎಂದು ಹೊಂದಿಸಿ ನೋಡುತ್ತಾರೆ. ಅಲ್ಲಿಗೆ ಉಪಕರಣದ ಗುರುತಿನ ಪರೀಕ್ಷೆ ಮುಗಿಯಿತು. ಮುರಿದ ಮೇಲ್ಮೈಯಲ್ಲಿರುವ ಸಣ್ಣ ಗೀರುಗಳೇ ಸಾಕ್ಷ್ಯ. ಹೊಂದಿಸಿ ನೋಡಿದ ಗೀರು ಯಾವುದು, ಕಳ್ಳ ಮಾಡಿದ ಗೀರು ಯಾವುದು ಎಂದು ಹೇಳಲು ಬರುವುದಿಲ್ಲ. ಸಲಾಕೆಗೆ ಹತ್ತಿದ ಬಣ್ಣದ ಚೂರು ಬೀಗದಿಂದ ಬಂದದ್ದೋ ಈ ಹೊಂದಿಕೆಯಿಂದ ಬಂದದ್ದೋ ಎಂಬುದೂ ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಬೇರೆ ಕವರಿಗೆ ಹಾಕಿ, ಅಂಚು ಹಿಡಿದು ಎತ್ತಿ, ಬೆರಳಚ್ಚು ಘಟಕದವರು ನೋಡುವವರೆಗೆ ಬಟ್ಟೆಯಲ್ಲಿ ಸುತ್ತಬೇಡಿ. ಬಟ್ಟೆಯ ಉಜ್ಜಾಟಕ್ಕೆ ಅಚ್ಚು ಹೋಗುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ದಾರದಿಂದ ಎರಡು ಕಡೆ ಕಟ್ಟಿ ಅಲ್ಲಾಡದಂತೆ ಇಡಿ. ರಕ್ತ ಹತ್ತಿದ ಬಟ್ಟೆ, ಹತ್ತಿ ಇದ್ದರೆ ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಬೂಷ್ಟು ಹಿಡಿದರೆ ಡಿಎನ್‌ಎ ಸಿಗುವ ಭರವಸೆ ಇಲ್ಲ.

ಡಿವಿಆರ್ ವಿಷಯ. ಮೊದಲು ಅದರ ಗಡಿಯಾರ ನೋಡಿ. ಪರದೆಯಲ್ಲಿರುವ ಸಮಯವನ್ನೂ ಫೋನಿನ ನೆಟ್‌ವರ್ಕ್ ಸಮಯವನ್ನೂ ಒಂದೇ ಚೌಕಟ್ಟಿನಲ್ಲಿ ಫೋಟೊ ತೆಗೆದು, "ಡಿವಿಆರ್ 14 ನಿಮಿಷ ಮುಂದಿದೆ" ಎಂದು ಮಹಜರಿನಲ್ಲೇ ಬರೆಯಿರಿ. ಇದನ್ನು ಬಿಟ್ಟರೆ ಮೊಬೈಲ್ ಟವರ್ ದಾಖಲೆಗೂ ದೃಶ್ಯಕ್ಕೂ ತಾಳೆ ಬೀಳುವುದಿಲ್ಲ. ಹೆಚ್ಚಿನ ಅಂಗಡಿಗಳ ಡಿವಿಆರ್ ಕೆಲವೇ ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತದೆ, ಆದ್ದರಿಂದ ಮೊದಲ ದಿನವೇ ಹೋಗಬೇಕು. ಪರದೆಯ ಎದುರು ಫೋನ್ ಹಿಡಿದು ಚಿತ್ರೀಕರಿಸುವುದು ತನಿಖೆಯ ಸುಳಿವಿಗೆ ಆದೀತು, ಸಾಕ್ಷ್ಯಕ್ಕೆ ಅಲ್ಲ. ಯಂತ್ರದ ಮೂಲ ಫಾರ್ಮ್ಯಾಟ್‌ನಲ್ಲೇ ಪ್ರತಿ ಮಾಡಿ, ಅದನ್ನು ತೆರೆಯುವ ಪ್ಲೇಯರ್ ಕೂಡ ಜೊತೆಗೆ ತನ್ನಿ. ಹಾರ್ಡ್‌ಡಿಸ್ಕ್ ಎತ್ತಿದರೆ ಡಿವಿಆರ್‌ನ ಸೀರಿಯಲ್ ನಂಬರ್ ಬೇರೆ, ಡಿಸ್ಕಿನ ಸೀರಿಯಲ್ ನಂಬರ್ ಬೇರೆ, ಎರಡೂ ಬರೆಯಬೇಕು.

ಫೋನ್ ಆಫ್ ಇದ್ದರೆ ಆಫ್ ಇರಲಿ. ಆನ್ ಇದ್ದರೆ ಫ್ಲೈಟ್ ಮೋಡ್‌ಗೆ ಹಾಕಿ, ಆಗಿನ ಸಮಯ ಬರೆದು, ಸಿಗ್ನಲ್ ತಡೆಯುವ ಫ್ಯಾರಡೆ ಚೀಲಕ್ಕೆ. ಗ್ಯಾಲರಿ, ವಾಟ್ಸ್ಆ್ಯಪ್ ತೆರೆದು ನೋಡಿದ ಹೊತ್ತು ಫೋನಿನಲ್ಲಿ ಉಳಿದಿರುತ್ತದೆ.

ಕೋರ್ಟ್‌ಹಾಲ್_ಎಡಬದಿ

ಎಪಿಪಿಗಳ ಭಾಗ ನಾನು ಬರೆಯುತ್ತೇನೆ. ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರಕ್ಕೆ ಅನುಸೂಚಿಯಲ್ಲೇ ನಮೂನೆ ಇದೆ. ಭಾಗ ಎ, ಭಾಗ ಬಿ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ಕಂಪ್ಯೂಟರ್ ಪ್ರತಿಯಲ್ಲಿ ಕಲಂ ಸಂಖ್ಯೆ ಮಾತ್ರ ಬದಲಿಸಿ ಸಲ್ಲಿಸುವುದು ಈಗಲೂ ಕಾಣುತ್ತದೆ. ಅದು ನಡೆಯುವುದಿಲ್ಲ, ಏಕೆಂದರೆ ಅದರಲ್ಲಿ ಹ್ಯಾಶ್ ಮೌಲ್ಯವೂ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿ ಬರುವ ಗುರುತು) ಇಲ್ಲ, ತಜ್ಞರ ಭಾಗವೂ ಇಲ್ಲ.

ಭಾಗ ಎ ತುಂಬಬೇಕಾದವರು ದಾಖಲೆಯನ್ನು ಹಾಜರುಪಡಿಸುವ ಕಡೆಯವರು, ಅಂದರೆ ಆ ಸಾಧನವನ್ನು ನೋಡಿಕೊಳ್ಳುತ್ತಿದ್ದವರು. ಅಂಗಡಿಯ ಸಿಸಿಟಿವಿ ಆದರೆ ಅಂಗಡಿಯವರು. ತನಿಖಾಧಿಕಾರಿ ಅಲ್ಲ. ತಾನು ತೆಗೆದ ಶೋಧನೆ ವಿಡಿಯೊಗೆ ಅಧಿಕಾರಿಯೇ ತುಂಬಬೇಕು. ತಯಾರಕರು, ಮಾದರಿ, ಬಣ್ಣ, ಸೀರಿಯಲ್ ನಂಬರ್, ಐಎಂಇಐ, ಸಾಧನ ತನ್ನದೋ ನಿರ್ವಹಣೆಯದೋ, ಹ್ಯಾಶ್ ಮೌಲ್ಯ, ಯಾವ ವಿಧಾನ (ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5), ತಾರೀಖು, 24 ಗಂಟೆಯ ಲೆಕ್ಕದಲ್ಲಿ ಸಮಯ. ಹ್ಯಾಶ್ ವರದಿ ಲಗತ್ತಿಸಬೇಕು. ಭಾಗ ಬಿ ತಜ್ಞರದು. ದಾಖಲೆಯನ್ನು ಪ್ರತಿ ಬಾರಿ ಸಾಕ್ಷ್ಯವಾಗಿ ಹಾಜರುಪಡಿಸುವಾಗಲೂ ಪ್ರಮಾಣಪತ್ರ ಜೊತೆಗಿರಬೇಕು. ಪ್ರಮಾಣಪತ್ರ ಕಡ್ಡಾಯ ಎಂಬುದನ್ನು ಹಳೆಯ ಕಾನೂನಿನಡಿ ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ತೀರ್ಪಿನಲ್ಲೇ ಖಚಿತಪಡಿಸಿತ್ತು.

ಹ್ಯಾಶ್ ಎಂದರೇನು ಎಂದು ಸ್ಲೈಡ್ ಹಾಕಿ ವಿವರಿಸಬೇಡಿ. ಅರ್ಧ ಗಂಟೆ ಹೀಗೆ ಮಾಡಿಸಿ. ಪ್ರತಿ ತಂಡ ತಾನು ತೆಗೆದ ಒಂದು ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿ, ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಎಸ್‌ಎಚ್‌ಎ256 ತೆಗೆಯಲಿ. 64 ಅಕ್ಷರ ಬರುತ್ತದೆ, ಮೊದಲ ನಾಲ್ಕು, ಕೊನೆಯ ನಾಲ್ಕು ಹಲಗೆಯ ಮೇಲೆ ಬರೆಯಲಿ. ಈಗ ಫೈಲಿನ ಹೆಸರು ಬದಲಿಸಿ ಮತ್ತೆ ತೆಗೆಯಲಿ: ಅದೇ ಬರುತ್ತದೆ. ಈಗ ಅದೇ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊ ಆಗಿ ಒಬ್ಬರಿಂದೊಬ್ಬರಿಗೆ ಕಳಿಸಿ, ಇಳಿಸಿಕೊಂಡು ತೆಗೆಯಲಿ: ಪೂರ್ತಿ ಬೇರೆ. ಕಳಿಸುವಾಗ ಗಾತ್ರ ಕುಗ್ಗಿಸಿರುತ್ತದೆ, ಅಂದರೆ ಅದು ಬೇರೆಯೇ ಫೈಲು. ಠಾಣೆಯ ಗುಂಪಿಗೆ ಹಾಕಿ ಅಲ್ಲಿಂದ ಇಳಿಸಿ ಡಿಸ್ಕಿಗೆ ಬರೆಯುವ ಅಭ್ಯಾಸ ಯಾಕೆ ಬಿಡಬೇಕು ಎಂದು ಇದಾದ ಮೇಲೆ ಯಾರೂ ಕೇಳುವುದಿಲ್ಲ.

ವಕಾಲತ್ತು_ಬೆಳಗು

ಬಂಧನದ ಭಾಗಕ್ಕೆ ಮೊದಲ ದಿನ ಸಂಜೆ ಪೂರ್ತಿ ಎರಡು ಗಂಟೆ ಇಡಿ. ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಕಸ್ಟಡಿ ಕೇಳುವ ರಿಮಾಂಡ್ ದಿನವೇ ಬಂಧನ ಬಿದ್ದುಹೋಗುವುದು ಇಲ್ಲಿ.

ಬಂಧನಕ್ಕೆ *ಕಾರಣ* ಬೇರೆ, *ಆಧಾರ* ಬೇರೆ. ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸ ಹೇಳಿತು. "ಸಾಕ್ಷ್ಯ ನಾಶ ಮಾಡುವ ಸಾಧ್ಯತೆ ಇದೆ, ಸಾಕ್ಷಿಗಳನ್ನು ಹೆದರಿಸುವ ಸಾಧ್ಯತೆ ಇದೆ, ತಲೆಮರೆಸಿಕೊಳ್ಳಬಹುದು" ಇವೆಲ್ಲ ಕಾರಣ. ಯಾವ ಆರೋಪಿಯ ಹೆಸರು ಹಾಕಿದರೂ ಹೊಂದುತ್ತವೆ. ಆಧಾರ ಆ ಮನುಷ್ಯನಿಗೇ ಸಂಬಂಧಪಟ್ಟಿರಬೇಕು: "12ನೇ ತಾರೀಖು ರಾತ್ರಿ 2.10ಕ್ಕೆ ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ನಿಮ್ಮ ಹೆಸರಿನಲ್ಲಿ ನೋಂದಣಿಯಾದ ಬೈಕ್ ಕಂಡಿದೆ. ಬೀರುವಿನ ಬಾಗಿಲ ಮೇಲಿನ ಬೆರಳಚ್ಚು ನಿಮ್ಮದರೊಂದಿಗೆ ತಾಳೆಯಾಗಿದೆ. 14ರಂದು ಇಂಥ ಅಂಗಡಿಯಲ್ಲಿ ಬಳೆ ಅಡವಿಟ್ಟ ರಸೀದಿಯಲ್ಲಿ ನಿಮ್ಮ ಸಹಿ ಇದೆ." ತಂಡಗಳಿಗೆ ಎರಡೂ ಬಗೆಯ ಹತ್ತು ವಾಕ್ಯ ಕೊಟ್ಟು ಬೇರ್ಪಡಿಸಲು ಹೇಳಿ. ಆಮೇಲೆ ಖಾಲಿ ಹಾಳೆಯಲ್ಲಿ ಸ್ವಂತವಾಗಿ ಬರೆಸಿ.

ಇದು ಬರಹದಲ್ಲೇ ಇರಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬಂಧಿಸುವಾಗಲೇ ಬರಹದಲ್ಲಿ ಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡ್‌ಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈಗೆ ಸೇರಬೇಕು. 2025ರ ನವೆಂಬರ್‌ನಲ್ಲಿ ಮಿಹಿರ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು. ನಮ್ಮ ಜಿಲ್ಲೆಗಳಲ್ಲಿ ಕಟ್ಟಡ ಕೆಲಸಕ್ಕೆ, ತೋಟಕ್ಕೆ ಒಡಿಶಾ, ಅಸ್ಸಾಂ, ಬಿಹಾರದಿಂದ ಬಂದವರಿದ್ದಾರೆ. ಕನ್ನಡದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿದರೆ ತಿಳಿಸಿದಂತಾಗುವುದಿಲ್ಲ. ಓದಲು ಬಾರದವರಿಗೆ ಯಾರು, ಯಾವ ಭಾಷೆಯಲ್ಲಿ ಓದಿ ಹೇಳಿದರು ಎಂಬುದು ಆ ಹಾಳೆಯಲ್ಲೇ ಇರಲಿ. ಭಾಷಾಂತರಕ್ಕೆ ಯಾರನ್ನು ಕರೆಯಬಹುದು ಎಂಬ ಪಟ್ಟಿಯನ್ನು ಠಾಣೆವಾರು ತರಬೇತಿಯಲ್ಲೇ ಬರೆಸಿಬಿಡಿ.

ಬಂಧನ ಬೇಕೇ ಬೇಡವೇ ಎಂಬುದಕ್ಕೂ ಅದೇ ಪ್ರಕರಣವನ್ನು ಸ್ವಲ್ಪ ತಿರುಗಿಸಿ. ರಾತ್ರಿ ಬೀಗ ಮುರಿದದ್ದಲ್ಲ, ಹಗಲು ತೆರೆದ ಬಾಗಿಲಿಂದ ಒಳಹೊಕ್ಕು ಫೋನ್ ಕದ್ದದ್ದು ಎಂದುಕೊಳ್ಳಿ. 305ಕ್ಕೆ ಏಳು ವರ್ಷದವರೆಗೆ ಶಿಕ್ಷೆ, ಹಾಗಾಗಿ ಬಂಧನ ಯಾಕೆ ಬೇಕೆಂದು ತೋರಿಸುವ, ಸುಪ್ರೀಂ ಕೋರ್ಟಿನ ಅರ್ನೇಶ್ ಕುಮಾರ್ ತೀರ್ಪಿನ ಪರಿಶೀಲನಾ ಪಟ್ಟಿ ಬೇಕು, ಬಂಧಿಸದೆ ಹಾಜರಾಗಲು ಹೇಳುವ ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಬೇಕು. ಆ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಶೇಷಗಿರಿ_ಘಟ್ಟ

ಆರೋಪಿ ಪೊಲೀಸರಿಗೆ ಕೊಡುವ ಸ್ವಇಚ್ಛಾ ಹೇಳಿಕೆ ಬಗ್ಗೆ ಯಾರೂ ಬರೆದಿಲ್ಲ. ನಾಲ್ಕು ಪುಟ ಬರೆಯುತ್ತಾರೆ, ಅದರಲ್ಲಿ ನ್ಯಾಯಾಲಯ ಎಷ್ಟು ತೆಗೆದುಕೊಳ್ಳುತ್ತದೆ?

ವಕಾಲತ್ತು_ಬೆಳಗು

ಎರಡು ಸಾಲು. ಹಳೆಯ ಸಾಕ್ಷ್ಯ ಕಾಯ್ದೆಯ 27 ಈಗ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪರಂತುಕ (ವಿನಾಯಿತಿ ಹೇಳುವ ಭಾಗ). ವಸ್ತು ಪತ್ತೆಯಾಗಲು ಕಾರಣವಾದ ಮಾಹಿತಿ ಎಷ್ಟೋ ಅಷ್ಟು ಮಾತ್ರ. ಉಳಿದ ತಪ್ಪೊಪ್ಪಿಗೆ ಪೊಲೀಸರ ಮುಂದೆ ಹೇಳಿದ್ದು, ಬರುವುದಿಲ್ಲ. 2022ರಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಸ್ತು ಪತ್ತೆಯ ಈ ಮಹಜರು ಹೇಗಿರಬೇಕೆಂದು ಬಿಡಿಸಿ ಹೇಳಿದೆ. ಪಂಚರು ಮೊದಲೇ ಠಾಣೆಯಲ್ಲಿರಬೇಕು. ಆರೋಪಿ ಅವರ ಎದುರು ಹೇಳಬೇಕು. ಅವನ ಮಾತನ್ನು ಇದ್ದಂತೆಯೇ ಬರೆಯಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಹೊರಡಬೇಕು.

ಠಾಣೆಗಳಲ್ಲಿ ಸಾಮಾನ್ಯವಾಗಿ ಆಗುವುದು ತಿರುಗುಮುರುಗು: ಹೇಳಿಕೆ ಬರೆದು ಮುಗಿಸಿ, ಜಾಗ ಗೊತ್ತಾದ ಮೇಲೆ, ದಾರಿಯಲ್ಲಿ ಪಂಚರನ್ನು ಹತ್ತಿಸಿಕೊಳ್ಳುವುದು. "ನನ್ನನ್ನು ಕರೆದುಕೊಂಡು ಹೋದಲ್ಲಿ ತೋರಿಸಿಕೊಡುತ್ತೇನೆ" ಎಂಬ ಸಿದ್ಧ ವಾಕ್ಯ ಎಲ್ಲ ಕಡತದಲ್ಲೂ ಒಂದೇ. ಮನುಷ್ಯರು ಹಾಗೆ ಮಾತಾಡುವುದಿಲ್ಲ. "ಕೆರೆ ಏರಿ ಹಿಂದೆ ಹೊಂಗೆ ಮರದ ಬುಡದಲ್ಲಿ ಹೂತಿದೀನಿ" ಎಂದಿದ್ದರೆ ಅದನ್ನೇ ಬರೆಯಿರಿ.

ಠಾಣಾ_ದಿನಚರಿ

ಒಂದು ಅನುಮಾನ. ಪೊಲೀಸರನ್ನೂ ರಕ್ಷಣಾ ವಕೀಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಪೊಲೀಸರು ಬಾಯಿ ಬಿಡುವುದಿಲ್ಲ ಎಂದು ಕೆಲವರ ಆಕ್ಷೇಪ. ಲೋಪ ಎಲ್ಲಿದೆ ಎಂದು ವಕೀಲರಿಗೆ ನಾವೇ ತೋರಿಸಿಕೊಟ್ಟಂತಾಗುತ್ತದೆ ಎಂಬ ಮಾತೂ ಇದೆ.

ಕೋರ್ಟ್‌ಹಾಲ್_ಎಡಬದಿ

ಲೋಪ ಅವರಿಗೆ ಈಗಾಗಲೇ ಗೊತ್ತಿದೆ. ಗೊತ್ತಿಲ್ಲದಿರುವುದು ನಮ್ಮ ಕಡೆಯವರಿಗೆ. ಪಾಟೀಸವಾಲಿನಲ್ಲಿ ಮೊದಲ ಬಾರಿ ಕೇಳಿಸಿಕೊಳ್ಳುವ ಬದಲು ತರಬೇತಿಯಲ್ಲಿ ಕೇಳಿಸಿಕೊಳ್ಳಲಿ. ಎಪಿಪಿಯೇ ವಕೀಲನ ಪಾತ್ರ ಮಾಡಿದರೆ ಪ್ರಶ್ನೆ ಮೆದುವಾಗಿರುತ್ತವೆ. ಎರಡು ಎಚ್ಚರ ಸಾಕು: ನಡೆಯುತ್ತಿರುವ ಯಾವ ಪ್ರಕರಣದ ಕಡತವೂ ಬರಬಾರದು, ಹಿರಿಯ ಅಧಿಕಾರಿಗಳು ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳಬಾರದು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ಮೇಲಧಿಕಾರಿ ಕೂತಿದ್ದರೆ "ನನಗೆ ಗೊತ್ತಿಲ್ಲ" ಎಂಬ ಮಾತು ಯಾರ ಬಾಯಿಂದಲೂ ಬರುವುದಿಲ್ಲ, ಆ ಮಾತು ಬಾರದೆ ಕಲಿಕೆ ಆಗುವುದಿಲ್ಲ.

ಎರಡನೇ ದಿನ ಬೆಳಿಗ್ಗೆ ಪ್ರತಿ ತಂಡದ ತನಿಖಾಧಿಕಾರಿ ಮತ್ತು ಒಬ್ಬ ಪಂಚ ಕಟಕಟೆ ಹತ್ತಲಿ. ಮುಖ್ಯ ವಿಚಾರಣೆ 15 ನಿಮಿಷ, ಪಾಟೀಸವಾಲು 20. ಪಾಟೀಸವಾಲಿಗೆ ಹೆಚ್ಚು ಕಾನೂನು ಬೇಕಿಲ್ಲ, ಸಮಯಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು: ಮಹಜರು ಶುರುವಾದ ಗಂಟೆ, ವಿಡಿಯೊದ ಗಂಟೆ, ಠಾಣಾ ದಿನಚರಿಯಲ್ಲಿ ಹೊರಟ ಗಂಟೆ, ಜೀಪಿನ ಲಾಗ್‌ಬುಕ್ಕಿನ ಕಿಲೋಮೀಟರ್, ವಶಪಡಿಸಿಕೊಂಡ ಸ್ವತ್ತಿನ ನಮೂನೆಯಾದ ಪಿಎಫ್‌ನಲ್ಲಿರುವ ಗಂಟೆ. ಹೊಸ ಕಾನೂನು ಬಂದ ಮೇಲೆ ಆಗಿರುವ ದೊಡ್ಡ ಬದಲಾವಣೆ ಇದೇ. ಮೊದಲು ಕಾಗದ ಕಾಗದದೊಂದಿಗೆ ತಾಳೆಯಾದರೆ ಸಾಕಿತ್ತು, ಈಗ ಕಾಗದ ವಿಡಿಯೊದೊಂದಿಗೂ ತಾಳೆಯಾಗಬೇಕು. ಮಹಜರಿನಲ್ಲಿ "ಪಂಚರ ಸಮಕ್ಷಮ" ಎಂದಿದ್ದು ವಿಡಿಯೊದಲ್ಲಿ ಪಂಚರು ಅಂಗಳದಲ್ಲಿ ಫೋನ್ ನೋಡುತ್ತ ನಿಂತಿದ್ದರೆ, ವಿಡಿಯೊ ಇಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸುವಂತಾಗುತ್ತದೆ.

ಮಹಜರು_ಬರಹ

ಸೀಲಿನದ್ದೂ ಸೇರಿಸಿ. ಮಹಜರಿನಲ್ಲಿ ಬರೆದ ಅಕ್ಷರ, ಮಾದರಿ ಸೀಲಿನ ಹಾಳೆ, ಪ್ರಯೋಗಾಲಯಕ್ಕೆ ಹೋದ ಪತ್ರ ಮೂರರಲ್ಲೂ ಒಂದೇ ಸೀಲು ಇರಬೇಕು. ಸೀಲು ಹಾಕಿದ ಮೇಲೆ ಅದು ಯಾರ ವಶಕ್ಕೆ ಹೋಯಿತು? ಠಾಣೆಯಲ್ಲೇ ಉಳಿದಿದ್ದರೆ ಮತ್ತೆ ಬಿಚ್ಚಿ ಹಾಕಿಲ್ಲ ಎಂದು ಹೇಗೆ ತೋರಿಸುತ್ತೀರಿ?

ಒಡವೆ ಹಿಂದಿರುಗಿಸುವುದನ್ನು ಮರೆಯಬೇಡಿ, ದೂರುದಾರರಿಗೆ ಬೇಕಾಗಿರುವುದು ಅದೇ. ಬಿಎನ್‌ಎಸ್‌ಎಸ್ 497ರಲ್ಲಿ ಮುದ್ದೆಮಾಲು (ವಶಪಡಿಸಿಕೊಂಡ ಸ್ವತ್ತು) ಹಾಜರುಪಡಿಸಿದ 14 ದಿನದೊಳಗೆ ನ್ಯಾಯಾಲಯ ಅದರ ವಿವರಪಟ್ಟಿ ಮಾಡಿ ಫೋಟೊ ತೆಗೆಸಬೇಕು, ಆಮೇಲೆ 30 ದಿನದೊಳಗೆ ವಿಲೇವಾರಿ ಆದೇಶ. ಠಾಣೆಯವರು ತೂಕ, ಅಚ್ಚು, ಕಲ್ಲಿನ ಸಂಖ್ಯೆ ಸರಿಯಾಗಿ ಬರೆದಿದ್ದರೆ ಮಾತ್ರ ಈ ಗಡುವು ಕೆಲಸಕ್ಕೆ ಬರುತ್ತದೆ. "ಬಂಗಾರದಂತೆ ಕಾಣುವ ಒಂದು ಸರ" ಎಂದಷ್ಟೇ ಬರೆದರೆ ಅದು ವರ್ಷಗಟ್ಟಲೆ ಮುದ್ದೆಮಾಲು ಕೋಣೆಯಲ್ಲೇ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು (193(3)). ಆ ಪತ್ರವನ್ನೂ ಒಂದು ಬರೆಸಿ. ಅದಕ್ಕೆ ಹತ್ತು ನಿಮಿಷ ಸಾಕು.

ಠಾಣಾ_ದಿನಚರಿ

ಇಷ್ಟು ಹಾಕಿಕೊಂಡಿದ್ದೇನೆ. ಮೊದಲ ದಿನ 9.30ರಿಂದ 1: ಕೋಣೆಯ ಶೋಧನೆ, ವಿಡಿಯೊ, ಪ್ಯಾಕಿಂಗ್. 2ರಿಂದ 3.30: ಡಿವಿಆರ್, ಹ್ಯಾಶ್, 63ರ ನಮೂನೆ. 3.45ರಿಂದ 5.45: ಬಂಧನದ ಆಧಾರ, ನೋಟಿಸ್, ಪತ್ತೆ ಮಹಜರು. ಎರಡನೇ ದಿನ 1.30ರವರೆಗೆ ಕಟಕಟೆ, ಮಧ್ಯಾಹ್ನ ತಪ್ಪಿದ ಹಾಳೆಗಳನ್ನು ಮತ್ತೆ ಬರೆಯುವುದು. ಕಲಂ ಪಟ್ಟಿಗೆ ಸಮಯವೇ ಇಟ್ಟಿಲ್ಲ. ಕಲಿತರೋ ಇಲ್ಲವೋ ಎಂದು ಅಳೆಯುವುದು ಹೇಗೆ? ಕೊನೆಗೆ ವಸ್ತುನಿಷ್ಠ ಪ್ರಶ್ನೆಪತ್ರಿಕೆ ಕೊಡುವ ಪದ್ಧತಿ ಇದೆ.

ಕೋರ್ಟ್‌ಹಾಲ್_ಎಡಬದಿ

ಪ್ರಶ್ನೆಪತ್ರಿಕೆಯಲ್ಲಿ ಗೊತ್ತಾಗುವುದು ನೆನಪು ಮಾತ್ರ. ಮೂರು ತಿಂಗಳು ಬಿಟ್ಟು, ಬಂದಿದ್ದ ಪ್ರತಿ ಠಾಣೆಯಿಂದ ಆಮೇಲೆ ಬರೆದ ಎರಡು ಮಹಜರು, ಒಂದು ಬಂಧನದ ಆಧಾರದ ಹಾಳೆ ತರಿಸಿ. ಹೆಸರು, ವಿಳಾಸ ಅಳಿಸಿರಲಿ. ಒಬ್ಬ ಎಪಿಪಿ, ಒಬ್ಬ ರಕ್ಷಣಾ ವಕೀಲ ಒಟ್ಟಿಗೆ ಕೂತು ನಾಲ್ಕೇ ನಾಲ್ಕು ನೋಡಲಿ: ವಿಡಿಯೊದ ಸಮಯ ಮಹಜರಿನಲ್ಲಿ ಇದೆಯೇ, ಮ್ಯಾಜಿಸ್ಟ್ರೇಟರಿಗೆ ಕಳಿಸಿದ ಸ್ವೀಕೃತಿ ಇದೆಯೇ, ಹ್ಯಾಶ್ ಪೂರ್ತಿ 64 ಅಕ್ಷರ ಇದೆಯೇ, ಆಧಾರದ ಹಾಳೆಯಲ್ಲಿ ಆ ಆರೋಪಿಗೆ ಮಾತ್ರ ಅನ್ವಯಿಸುವ ಒಂದು ವಾಕ್ಯವಾದರೂ ಇದೆಯೇ. ಮಧ್ಯಾಹ್ನದ ಮರುಬರಹಕ್ಕೆ ರೈಟರ್‌ಗಳನ್ನು ಮುಂದೆ ಕೂರಿಸಿ ಸರ್, ಠಾಣೆಗೆ ಹೋದ ಮೇಲೆ ಬರೆಯುವುದು ಅವರೇ.